ಮನೆಗಾಡಿಗೆ ಶಾಕಪ್ಸರ್ ಆರಿಸಿದ ಮಹಾನುಭಾವರು

ಕಾರವಾರದ ಒಬ್ಬ ಕಟ್ಟಿಗೆ ಗುತ್ತಿಗೆದಾರರ ಬಳಿ ನಾನು ಡ್ರೈವರ್ ಆಗಿ ಸೇರಿದಾಗ ನನಗೆ ಇಪ್ಪತ್ತೊಂಬತ್ತು ವರ್ಷ. ಹುಟ್ಟಿದ್ದು ಕಾರವಾರದ ಹತ್ತಿರದ ಕಿನ್ನರ ಎಂಬ ಹಳ್ಳಿಯಲ್ಲಿ, ಕೆಲಸ ಕಲಿತದ್ದು ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ. ಗಾಡಿಯ ಅಡಿಗೆ ಮಲಗಿ ಮೈಗೆ ಗ್ರೀಸು ಮೆತ್ತಿಕೊಂಡವನಿಗೆ ಗಾಡಿಯ ಬಗ್ಗೆ ಮಾತಾಡುವ ಹಕ್ಕು ಇರುತ್ತದೆ ಎಂದು ಆಗ ನಂಬಿದ್ದೆ. ಆ ನಂಬಿಕೆಯನ್ನು ನಮ್ಮ ಗುತ್ತಿಗೆದಾರ ಸಾವಕಾರರು ಮೂರೇ ತಿಂಗಳಲ್ಲಿ ಬಿಡಿಸಿದರು.

ಅವರ ಹತ್ತಿರ ಒಂದು ಮನೆಗಾಡಿ ಇತ್ತು. ಯಾರೋ ಬಿಳಿಯ ದೊರೆ ಹಳೆಯ ಲಾರಿಯೊಂದರ ಮೇಲೆ ಮರದ ಕೋಣೆ ಕಟ್ಟಿಸಿ, ಒಳಗೆ ಎರಡು ಮಂಚ, ಸೀಮೆಎಣ್ಣೆಯ ಒಲೆ, ಮುಖ ತೊಳೆಯುವ ಪಿಂಗಾಣಿ ಬೋಗುಣಿ, ಕಿಟಕಿಗೆ ಪರದೆ ಎಲ್ಲ ಮಾಡಿಸಿಕೊಂಡಿದ್ದ. ಅವನು ಊರು ಬಿಡುವಾಗ ಸಾವಕಾರರು ಅದನ್ನು ಕೊಂಡರು. ಸುಂಕಸಾಳದ ಕಡೆ ಅವರ ಮರ ಕಡಿಯುವ ಕೆಲಸ ನಡೆಯುತ್ತಿತ್ತು. ಕೂಲಿಯವರು ಮಲಗುವ ಸೋಗೆಯ ಗುಡಿಸಲಿನಲ್ಲಿ ತಾವು ಮಲಗಿದರೆ ಮರ್ಯಾದೆ ಹೋಗುತ್ತದೆ ಎಂದು ಅವರು ಮನೆಯನ್ನೇ ಕಾಡಿಗೆ ಒಯ್ಯುತ್ತಿದ್ದರು. ದೊರೆಗೆ ಸಾಕಾದದ್ದು ಇವರಿಗೆ ಸಾಕಾಗಲಿಲ್ಲ. ಸಾಗವಾನಿಯ ದೊಡ್ಡ ಕಪಾಟು ಕೂಡಿಸಿದರು, ಆಳೆತ್ತರದ ಕನ್ನಡಿ ಹಾಕಿಸಿದರು, ದೇವರ ಗೂಡು ಮಾಡಿಸಿದರು. ಒಳಗೊಂದು ತೂಗುಮಂಚವನ್ನೂ ಕಟ್ಟಿಸುವ ಮನಸ್ಸಿತ್ತು. ಚಾವಣಿ ತಡೆಯುವುದಿಲ್ಲ ಎಂದು ಬಡಗಿ ಕೈಮುಗಿದು ಹೇಳಿದ ಮೇಲೆ ಬಿಟ್ಟರು.

ಇಷ್ಟು ಭಾರ ಹೊತ್ತ ಗಾಡಿ ಒಂದು ಹೊಂಡ ದಾಟಿತೆಂದರೆ ಆಮೇಲೆ ಏಳೆಂಟು ಸಲ ತಾನೇ ಕುಣಿಯುತ್ತಿತ್ತು. ಒಮ್ಮೆ ಅಂಕೋಲೆಯಿಂದ ಬರುವಾಗ ಅರ್ಗಾದ ಇಳಿಜಾರಿನಲ್ಲಿ ಸಾವಕಾರರು ಮಂಚದಿಂದ ಉರುಳಿ ಕನ್ನಡಿಗೆ ತಲೆ ಕೊಟ್ಟರು. ಕನ್ನಡಿ ಒಡೆಯಿತು, ತಲೆಗೆ ಏನೂ ಆಗಲಿಲ್ಲ. ಆ ತಲೆಯ ಗಟ್ಟಿತನವನ್ನು ನಾನು ಆಮೇಲೆ ಬಹಳ ಸಲ ಕಂಡೆ.

ಮಾರನೆಯ ದಿನ ನಾನು ಅಡಿಗೆ ನುಸುಳಿ ನೋಡಿದೆ. ಆ ಕಾಲದ ಶಾಕ್ ಅಬ್ಸಾರ್ಬರ್, ನಮ್ಮ ಬಾಯಲ್ಲಿ ಶಾಕಪ್ಸರ್, ಈಗಿನಂತೆ ಕೊಳವೆಯದಲ್ಲ. ಎರಡು ಕಬ್ಬಿಣದ ತೋಳು, ಅವು ಕೂಡುವಲ್ಲಿ ಒಂದರ ಮೇಲೊಂದು ಬಿಲ್ಲೆಗಳು, ಎಲ್ಲವನ್ನೂ ಒತ್ತಿ ಹಿಡಿಯಲು ನಡುವೆ ಒಂದು ನಟ್ಟು. ಬಿಲ್ಲೆಗಳು ಒಂದಕ್ಕೊಂದು ತಿಕ್ಕಿ ಗಾಡಿಯ ಕುಣಿತವನ್ನು ನಿಲ್ಲಿಸಬೇಕು. ನಮ್ಮವು ಸವೆದು ಹಪ್ಪಳವಾಗಿದ್ದವು.

"ನಾಲ್ಕೂ ಹೊಸತು ಹಾಕ್ಬೇಕು ಸಾವಕಾರ್ರೆ," ಎಂದೆ. "ಅದಕ್ಕೂ ಮೊದ್ಲು ಗಾಡಿ ಒಮ್ಮೆ ತೂಕ ಮಾಡುವ. ಭಾರ ನೋಡಿ ಅದಕ್ಕೆ ತಕ್ಕದ್ದು ತರೂದು. ಆ ಕಪಾಟು ಒಂದು ಇಳ್ಸಿದ್ರೆ ಅರ್ಧ ಕಾಯ್ಲೆ ಹೋಗ್ತದೆ."

"ಕಪಾಟು ಇಳ್ಸೂದಾ? ಅದು ಸಾಗವಾನಿ ಮಾರಾಯ!" ಎಂದರು. ಸಾಗವಾನಿಗೆ ತೂಕ ಇರುವುದಿಲ್ಲ ಎಂಬಂತೆ.

ಆಗ ಅವರ ಹೆಂಡತಿಯ ತಮ್ಮ ಮುಂಬಯಿಯಿಂದ ಬಂದಿದ್ದ. ಅಲ್ಲಿ ಯಾವುದೋ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಆದರೆ ಕಾರವಾರದ ಬಂದರಿನಲ್ಲಿ ಸ್ಟೀಮರಿನಿಂದ ಇಳಿದ ಕ್ಷಣದಿಂದ ಅವನು ಸಕಲ ಶಾಸ್ತ್ರ ಪಾರಂಗತ. ಮೋಟಾರು ಸಾಮಾನುಗಳ ಒಂದು ಬಣ್ಣದ ಚಿತ್ರಗಳ ಕ್ಯಾಟಲಾಗು ತಂದಿದ್ದ. ಭಾವ, ಭಾವಮೈದುನ ಇಬ್ಬರೂ ಜಗುಲಿಯಲ್ಲಿ ಕೂತು, ಹೆಣ್ಣಿನ ಫೋಟೋ ನೋಡುವವರ ಹಾಗೆ ಹಾಳೆ ತಿರುವಿದರು. ನಾನು ಮೆಟ್ಟಿಲ ಕೆಳಗೆ ನಿಂತಿದ್ದೆ.

ಮೊದಲು ಎಣ್ಣೆ ತುಂಬಿದ ಹೊಸ ಮಾದರಿಯ ಚಿತ್ರ ಬಂತು. "ಬೇಡ," ಎಂದರು ಸಾವಕಾರರು, "ಎಣ್ಣೆ ಸೋರಿದ್ರೆ ಒಳಗಿನ ಜಮಖಾನ ಹಾಳಾಗ್ತದೆ." ಅದು ಇರುವುದು ಗಾಲಿಯ ಪಕ್ಕದಲ್ಲಿ, ಜಮಖಾನ ಇರುವುದು ಮಂಚದ ಪಕ್ಕದಲ್ಲಿ ಎಂದು ಹೇಳಲು ನಾನು ಬಾಯಿ ತೆರೆದೆ. ಯಾರೂ ನೋಡಲಿಲ್ಲ, ಮುಚ್ಚಿದೆ.

"ಹುಬ್ಬಳ್ಳಿಲಿ ನಮ್ಮ ಅಳತೆದೇ ಸಿಕ್ತದೆ," ಎಂದೆ ಕೊನೆಗೆ. "ನಾನೇ ಕೈಯಲ್ಲಿ ಹಿಡಿದು ನೋಡಿ ತರ್ತೆ."

ಮುಂಬಯಿಯವನು ನಕ್ಕ. "ಅರೇ ಬಾಬಾ, ಹುಬ್ಬಳ್ಳಿಲಿ ಎಂತ ಸಿಗ್ತದೆ, ಮೆಣಸಿನಕಾಯಿ! ಭಾವ, ಇದು ನೋಡಿ. ಎಲ್ಲಕ್ಕಿಂತ ದೊಡ್ಡದು. ಕಲ್ಲು ಹೊರೂ ಲಾರಿಗೆ ಹಾಕೂದು. ದೊಡ್ಡದು ಹಾಕಿದ್ರೆ ಸಣ್ಣ ಗಾಡಿಗೆ ತೊಂದ್ರೇನೇ ಇಲ್ಲ, ಹೌದೋ ಅಲ್ವೋ?"

"ಹೌದು," ಎಂದರು ಭಾವ.

ಆನೆಯ ಕಾಲಿನ ಅಳತೆಯ ಚಪ್ಪಲಿ ಹಾಕಿದರೆ ಮನುಷ್ಯನ ಕಾಲಿಗೆ ತೊಂದರೆಯೇ ಇಲ್ಲ ಎಂಬ ಈ ಸಿದ್ಧಾಂತಕ್ಕೆ ಅವರಿಬ್ಬರೂ ಚಹಾ ಕುಡಿದರು.

ತಿಂಗಳೊಳಗೆ ಮಾಲು ಸ್ಟೀಮರಿನಲ್ಲಿ ಬಂತು. ಒಂದೊಂದು ಬಿಲ್ಲೆ ದೋಸೆಯಷ್ಟು ಅಗಲ. ನಾನು ಜೋಡಿಸಿದೆ. ನಟ್ಟಿನ ಪಕ್ಕದಲ್ಲಿ ಬಿಗಿ ಎಷ್ಟೆಂದು ತೋರಿಸುವ ಒಂದು ಮುಳ್ಳು ಇತ್ತು. ನಾನು ಅದನ್ನು ಕಡಿಮೆಯಲ್ಲಿ ಇಟ್ಟಿದ್ದೆ. ಮುಂಬಯಿಯವನು ಬಿಳಿ ಪಾಯಿಜಾಮ ಎತ್ತಿಕೊಂಡು ಬಗ್ಗಿ ನೋಡಿ, "ಪೂರಾ ಬಿಗಿ ಮಾಡು" ಎಂದ. ಪೂರಾ ಬಿಗಿ ಮಾಡಿದರೆ ತೋಳು ಅಲ್ಲಾಡುವುದೇ ಇಲ್ಲ, ಗಾಡಿಯ ಸ್ಪ್ರಿಂಗು ಇದ್ದೂ ಇಲ್ಲದಂತೆ, ಹೊಂಡದ ಪೆಟ್ಟು ನೇರ ಬೆನ್ನಿಗೇ ಬರುತ್ತದೆ ಎಂದು ನಾನು ಬಿಡಿಸಿ ಹೇಳಿದೆ. ಅವನು ಕೇಳಿದ. ಕೇಳಿ, ಒಳಗಿನಿಂದ ಅರಗು ತರಿಸಿ, ಬಿಗಿ ಮಾಡಿಸಿದ ನಾಲ್ಕೂ ನಟ್ಟುಗಳ ಮೇಲೆ ಕರಗಿಸಿ ಹಾಕಿ, ತನ್ನ ಉಂಗುರ ಒತ್ತಿ ಮುದ್ರೆ ಹಾಕಿದ. ಖಜಾನೆಯ ಪೆಟ್ಟಿಗೆಗೆ ಹಾಕುವ ಹಾಗೆ. "ಇದನ್ನ ಯಾರೂ ಮುಟ್ಟೂಕಿಲ್ಲ," ಎಂದು ಹೇಳಿ ಮುಂದಿನ ಸ್ಟೀಮರಿಗೆ ಹೊರಟುಹೋದ.

ನಾನು ಮುಟ್ಟಲಿಲ್ಲ. ಈಗ ಅವರಿಬ್ಬರನ್ನು ಹಂಗಿಸುವ ನಾನು ಆಗ ಮಾಡಿದ್ದು ಅಷ್ಟೇ: ತಪ್ಪೆಂದು ಗೊತ್ತಿದ್ದೂ ಆ ಕೆಂಪು ಅರಗಿನ ನಾಲ್ಕು ತೊಟ್ಟಿಗೆ ಹೆದರಿ ಗಾಡಿ ನಡೆಸಿದೆ. ಮೂರ್ಖರಿಗಾದರೂ ತಮ್ಮ ಮಾತಿನಲ್ಲಿ ನಂಬಿಕೆ ಇತ್ತು, ನನಗೆ ನನ್ನ ಕೆಲಸದಲ್ಲಿ ಅಷ್ಟೂ ಇರಲಿಲ್ಲ.

ಗಾಡಿ ಈಗ ಕುಣಿಯುತ್ತಿರಲಿಲ್ಲ, ಗುದ್ದುತ್ತಿತ್ತು. ಬೋಗುಣಿ ಬಿರಿಯಿತು, ದೇವರು ಗೂಡಿನಿಂದ ಎರಡು ಸಲ ಕೆಳಗೆ ಬಂದರು. ಸಾವಕಾರರು ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಳ್ಳುತ್ತಲೇ, ನೋಡಲು ಬಂದವರಿಗೆ, "ಮುಂಬಯಿ ಮಾಲು, ಎಷ್ಟು ಗಟ್ಟಿ ನೋಡಿ," ಎಂದು ಹೇಳುತ್ತಿದ್ದರು.

ಮಳೆಗಾಲಕ್ಕೆ ಇನ್ನೂ ಸಮಯ ಇತ್ತು. ಒಂದು ದಿನ ಬೆಳಿಗ್ಗೆ ಸುಂಕಸಾಳದಲ್ಲಿ ದಿಮ್ಮಿಗಳ ರಾಶಿ ಜಾರಿತು. ಹಿಲ್ಲೂರಿನಿಂದ ಗಂಡನ ಜೊತೆ ಕೂಲಿಗೆ ಬಂದಿದ್ದ ಹೆಂಗಸೊಬ್ಬಳ ಕಾಲಿನ ಮೇಲೆ ಒಂದು ದಿಮ್ಮಿ ಉರುಳಿತು. ನಲವತ್ತರ ಆಸುಪಾಸಿನವಳು. ಸ್ವಂತ ಗದ್ದೆಯ ಕೆಲಸ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಪ್ರತಿವರ್ಷ ಬರುತ್ತಿದ್ದರು. ಮೊಣಕಾಲಿನ ಕೆಳಗೆ ಎಲುಬು ಮುರಿದದ್ದು ನೋಡಿದರೇ ತಿಳಿಯುತ್ತಿತ್ತು. ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದರು. ಅವಳ ಗಂಡ ಮನೆಗಾಡಿಯ ಮುಂದೆ ಬಂದು ನಿಂತ.

"ಒಡೇರೆ, ಕಾರವಾರದ ಆಸ್ಪತ್ರೆಗೆ ಒಯ್ಬೇಕು. ನಿಮ್ಮ ಗಾಡಿ ಇತ್ತಲ್ಲ..."

ಸಾವಕಾರರು ಒಳಗೆ ತಿರುಗಿ ಮಂಚದ ಬಿಳಿ ಹಾಸಿಗೆ ನೋಡಿದರು. "ಎತ್ತಿನ ಗಾಡಿ ಕಟ್ಟಿಸ್ತೆ ಮಾರಾಯ," ಎಂದರು. "ಇದು ಅವಳಿಗೆ ರೂಢಿ ಇಲ್ಲ. ಹೆದರಿಕೊಳ್ತಾಳೆ."

ಎತ್ತಿನ ಗಾಡಿ ಅಂಕೋಲೆ ಮುಟ್ಟುವುದೇ ಸಂಜೆಗೆ, ಕಾರವಾರ ಇನ್ನೂ ಎಷ್ಟೋ ದೂರ. ಅವರ ದಿಮ್ಮಿ, ಅವರ ರಾಶಿ, ಕಾಲು ಮಾತ್ರ ಅವಳದು. ನನಗೆ ಎಲ್ಲಿಂದ ಧೈರ್ಯ ಬಂತೋ, "ಹಾಸಿಗೆ ತೆಗೆದಿಡ್ತೆ ಸಾವಕಾರ್ರೆ, ಬರೇ ಮಂಚದ ಮೇಲೆ ಕಂಬಳಿ ಹಾಕ್ತೆ" ಎಂದೆ. ಹೇಳಿದವನೇ ಉತ್ತರಕ್ಕೆ ಕಾಯದೆ ಹಾಸಿಗೆ ಸುರುಳಿ ಸುತ್ತಿ ಅವರ ಕೈಗೇ ಕೊಟ್ಟೆ. ಅಷ್ಟು ಜನ ಕೂಲಿಯವರು ನೋಡುತ್ತಿದ್ದರು. ಹಾಸಿಗೆ ಅಪ್ಪಿಕೊಂಡು ನಿಂತ ಮನುಷ್ಯನಿಗೆ 'ಇಲ್ಲ' ಎನ್ನುವುದು ಕಷ್ಟ. "ನಿಧಾನ ಒಯ್ಯಿ," ಎಂದಷ್ಟೇ ಹೇಳಿದರು.

ಗಂಡ ಹಿಂದೆ ಅವಳ ಹತ್ತಿರ ಕೂತ. ಡ್ರೈವರನ ಸೀಟಿನ ಹಿಂದೆ ಒಂದು ಸಣ್ಣ ಕಿಂಡಿ ಇತ್ತು, ಅದರಿಂದ ಒಳಗಿನ ಮಾತು ಕೇಳುತ್ತಿತ್ತು. ಎಷ್ಟು ನಿಧಾನ ಹೋದರೂ ಒಂದೊಂದು ಕಲ್ಲಿಗೆ ಗಾಡಿ ಧಡ್ ಎನ್ನುತ್ತಿತ್ತು. ಪ್ರತಿ ಸಲ ಅವಳು ಹಲ್ಲು ಕಚ್ಚಿ 'ಉಂ' ಎನ್ನುವುದು ಕೇಳುತ್ತಿತ್ತು. ಸುಮಾರು ಎರಡು ಮೈಲಿ ಹಾಗೇ ಹೋದೆ. ಆಮೇಲೆ ಕಿಂಡಿಯಿಂದ ಅವಳೇ ಕರೆದಳು.

"ತಮಾ, ನಿಲ್ಸೋ."

ನಿಲ್ಲಿಸಿ ಹಿಂದಿನ ಬಾಗಿಲಿಗೆ ಬಂದೆ. ಅವಳ ಮುಖ ಬೆವತು ಬೂದಿಯ ಬಣ್ಣವಾಗಿತ್ತು.

"ನನ್ನ ಇಲ್ಲೇ ಇಳ್ಸು. ಎತ್ತಿನ ಗಾಡಿ ಬರ್ಲಿ. ಇದು ಒರಳಲ್ಲಿ ಹಾಕಿ ಕುಟ್ಟಿದಂಗೆ ಆಗ್ತದೆ. ಎಂತ ಗಾಡಿಯೋ ಇದು? ಎಲ್ಲೋ ಬಿಗಿ ಹೆಚ್ಚಾಗ್ಯದೆ."

"ಹೌದು ಅಕ್ಕ," ಎಂದೆ. "ಬಿಗಿ ಹೆಚ್ಚಾಗ್ಯದೆ."

"ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಮತ್ತೆ ಸಡ್ಲ ಮಾಡೂಕೆ ಯಾರ್ ಬರ್ಬೇಕು?"

ನಾನು ಸೀಟಿನ ಕೆಳಗಿನಿಂದ ನಟ್ಟು ತಿರುಗಿಸುವ ಪಾನಾ ತೆಗೆದುಕೊಂಡು ಗಾಡಿಯ ಅಡಿಗೆ ಹೋದೆ. ಪಾನಾದ ತುದಿಯಿಂದ ಒಂದು ಏಟು ಹಾಕಿದ್ದೇ ತಡ, ಅರಗಿನ ಮುದ್ರೆ ಕಡಲೆಮಿಠಾಯಿಯ ಹಾಗೆ ಪುಡಿಯಾಯಿತು. ಇಷ್ಟು ದಿನ ನಾನು ಹೆದರಿದ್ದು ಇದಕ್ಕೆ. ನಾಲ್ಕೂ ನಟ್ಟನ್ನು ಅರ್ಧರ್ಧ ಸುತ್ತು ಸಡಿಲಿಸಿ ಸ್ವಲ್ಪ ದೂರ ಓಡಿಸಿದೆ.

"ಈಗ ಹೆಂಗಿದೆ ಅಕ್ಕ?"

"ಇನ್ನೂ ಗುದ್ತದೆ. ಹಿಂದಿಂದು."

ಹಿಂದಿನ ಎರಡನ್ನು ಇನ್ನಷ್ಟು ಸಡಿಲಿಸಿದೆ. ಮತ್ತೆ ಓಡಿಸಿದೆ.

"ಈಗ ಓಲಾಡ್ತದೆ. ದೋಣಿಲಿ ಕೂತಂಗೆ. ಒಂದ್ ಚೂರು ಬಿಗಿ ಮಾಡು."

ಮಾಡಿದೆ. ಆಮೇಲೆ ಒಂದು ಹೊಂಡ ದಾಟಿ ಕಿವಿ ಕೊಟ್ಟೆ. ಗಾಡಿ ಒಮ್ಮೆ ಬಗ್ಗಿ, ಒಮ್ಮೆ ಎದ್ದು, ಸುಮ್ಮನಾಯಿತು. ಹಿಂದಿನಿಂದ 'ಉಂ' ಕೇಳಲಿಲ್ಲ.

"ಇದು ಆಗ್ತದೆ. ನಡಿ," ಎಂದಳು.

ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ನನ್ನ ಉಸ್ತಾದರು ಗಾಡಿ ಓಡಿಸಿ ನೋಡಿ ಬಿಗಿ ಹೊಂದಿಸುತ್ತಿದ್ದದ್ದು ಹೀಗೆಯೇ. ಮುರಿದ ಕಾಲು ಹೊತ್ತು ಮಲಗಿದವಳು ಕಣ್ಣು ಮುಚ್ಚಿಕೊಂಡು ಅದನ್ನು ಮೂರು ಮಾತಿನಲ್ಲಿ ಮುಗಿಸಿದಳು. ಅಂಕೋಲೆಯಾಚೆ ಅವರ್ಸೆ ದಾಟುವಾಗ ಅವಳಿಗೆ ಜೊಂಪು ಹತ್ತಿದೆ ಎಂದು ಗಂಡ ಕಿಂಡಿಯಿಂದ ಪಿಸುಗುಟ್ಟಿದ. ಮಧ್ಯಾಹ್ನದ ಹೊತ್ತಿಗೆ ಕಾರವಾರದ ಆಸ್ಪತ್ರೆ ಮುಟ್ಟಿದೆವು. ಡಾಕ್ಟರು ಎಲುಬು ಕೂಡಿಸಿ ಕಟ್ಟಿದರು. ಇನ್ನೂ ತಡವಾಗಿದ್ದರೆ ಕಾಲು ತೆಗೆಯಬೇಕಾಗುತ್ತಿತ್ತೇನೋ ಎಂದರು.

ಈ ಮಾತು ಸಾವಕಾರರ ಕಿವಿಗೆ ಬಿದ್ದದ್ದೇ ಅವರು ಊರೆಲ್ಲ ಹೇಳಿಕೊಂಡು ತಿರುಗಿದರು. ಬಡ ಹೆಂಗಸಿನ ಕಾಲು ಉಳಿಸಿದ್ದು ತಮ್ಮ ಮನೆಗಾಡಿ, ಅದರಲ್ಲೂ ಮುಂಬಯಿಯಿಂದ ತರಿಸಿದ ಶಾಕಪ್ಸರ್. ಹಾಸಿಗೆ ಅಪ್ಪಿಕೊಂಡು ನಿಂತ ಸಂಗತಿ ಆ ಕಥೆಯಲ್ಲಿ ಇರಲಿಲ್ಲ. ಭಾವಮೈದುನ ಆ ಕಂಪನಿಗೆ ಹೊಗಳಿಕೆಯ ಕಾಗದ ಬರೆದನಂತೆ.

ಅವನು ಮುಂದಿನ ಸಲ ಬಂದಾಗ ಬಗ್ಗಿ ನೋಡಿ, ಮುದ್ರೆ ಎಲ್ಲಿ ಎಂದು ಕೇಳಿದ. ನಾನು ಇದ್ದದ್ದನ್ನು ಇದ್ದಂತೆ, ಸಾವಕಾರರ ಎದುರಿಗೇ ಹೇಳಿದೆ. ಕೆಲಸ ಹೋದರೆ ಹೋಗಲಿ ಎಂದುಕೊಂಡಿದ್ದೆ. ಸಾವಕಾರರು ಭಾವಮೈದುನನ ಮುಖ ನೋಡಿದರು. ಭಾವಮೈದುನ ಕರವಸ್ತ್ರದಿಂದ ಕೈ ಒರೆಸಿಕೊಂಡ.

"ಬರೋಬ್ಬರ್ ಆಯ್ತು," ಎಂದ. "ಮೊದ್ಲು ಬಿಗಿ ಇಟ್ಟು ಆಮೇಲೆ ಸಡ್ಲ ಮಾಡ್ಬೇಕು. ಹೊಸ ಮಾಲಿಗೆ ಹಾಗೇ ಮಾಡೂದು. ನಾನು ಆವಾಗ್ಲೇ ಹೇಳಿದ್ದೆ, ಇವ ಮರ್ತಿದ್ದ."

"ಹೌದು, ನೀ ಹೇಳಿದ್ದೆ," ಎಂದರು ಭಾವ.

ಅಂಥವರ ಎದುರು ಸಿಟ್ಟು ಮಾಡಿಕೊಳ್ಳುವುದೂ ವ್ಯರ್ಥ. ಆ ಮಳೆಗಾಲ ಶುರುವಾಗುವ ಮೊದಲೇ ನಾನು ಕೆಲಸ ಬಿಟ್ಟು ಕಾರವಾರ–ಅಂಕೋಲೆ ನಡುವೆ ಓಡುವ ಒಂದು ಬಾಡಿಗೆ ಬಸ್ಸಿಗೆ ಸೇರಿದೆ. ಅದರ ಮಾಲೀಕನಿಗೆ ಗಾಡಿಯ ವಿಷಯ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮರುವರ್ಷ ಅಂಕೋಲೆಯ ಪೇಟೆಯಲ್ಲಿ ಹಿಲ್ಲೂರಿನ ಆ ಹೆಂಗಸು ಸಿಕ್ಕಿದಳು. ತರಕಾರಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು, ಪಕ್ಕದಲ್ಲಿ ಒಂದು ಕೋಲು. ಕಾಲು ಕೂಡಿತ್ತು, ಆದರೆ ಎರಡು ಬೆರಳಷ್ಟು ಗಿಡ್ಡವಾಗಿತ್ತು. ಸುಂಕಸಾಳಕ್ಕೆ ಈಗ ಗಂಡ ಒಬ್ಬನೇ ಹೋಗುತ್ತಾನೆ ಎಂದಳು. ಕುಂಟುವವಳಿಗೆ ಅಲ್ಲಿ ಕೆಲಸ ಇಲ್ಲ ಎಂದು ಸಾವಕಾರರು ಹೇಳಿ ಕಳಿಸಿದ್ದರಂತೆ.

"ಒಡೇರು ಈಗಲೂ ಆ ಗಾಡಿಲೇ ಮಲಗೂದೋ?" ಎಂದು ಕೇಳಿದಳು.

"ಹೌದಂತೆ ಅಕ್ಕ."

"ನಿದ್ದೆ ಬರ್ತದಂತೋ?"

"ಬರ್ತದಂತೆ."

"ಬರ್ತದೆ, ಬರ್ತದೆ. ಅಂಥವ್ರಿಗೆ ಬರೂದೇ," ಎಂದು ಅವಳು ಬುಟ್ಟಿಯಿಂದ ಒಂದು ಎಳೆ ಸೌತೆಕಾಯಿ ಆರಿಸಿ, ಸೆರಗಿನಲ್ಲಿ ಒರೆಸಿ, ನನ್ನ ಕೈಗೆ ಕೊಟ್ಟಳು. ಬಸ್ಸು ಹೊರಡುವ ಹೊತ್ತಾಗಿತ್ತು. ಅದನ್ನು ಕಡಿಯುತ್ತಲೇ ಹೋಗಿ ಹತ್ತಿದೆ.