ಆಟೋ ಹತ್ತಿದರೆ ಲೆಕ್ಕಕ್ಕಿಲ್ಲ

ಕಳೆದ ವಾರ ನನ್ನ ಹಳೆಯ ಪ್ಯಾಂಟೊಂದನ್ನು ಸೊಂಟ ಸಡಿಲ ಮಾಡಿಸಲು ಕೊಟ್ಟಿದ್ದೆ. ಆಂಡರ್ಸನ್‌ಪೇಟೆಯ ಹೊಸ ಟೈಲರು ಹಿಂಭಾಗದ ಹೊಲಿಗೆ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆಯನ್ನು ಎಳೆದು ತೋರಿಸಿದ. ಹೊರಗೆಲ್ಲ ಮಾಸಿ ಬೂದಿಬಣ್ಣಕ್ಕೆ ತಿರುಗಿದ್ದ ಪ್ಯಾಂಟಿನ ಒಳಗೆ ಎರಡು ಬೆರಳಗಲ ಕಡುನೀಲಿ, ನಿನ್ನೆ ಕತ್ತರಿಸಿದ ಹಾಗೆ. "ಯಾರು ಸಾರ್ ಹೊಲಿದಿದ್ದು? ಇಷ್ಟು ಬಟ್ಟೆ ಈಗ ಯಾರೂ ಒಳಗೆ ಬಿಡಲ್ಲ," ಅಂದ. ಹೊಲಿದವಳು ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ಕತ್ತರಿಯನ್ನು ಕೊಂಚ ಆಚೆಗೆ ಸರಿಸಿದ್ದು ಕಣ್ಣ ಮುಂದೆ ಬಂತು... ಮುಂದೇನಾಗಬಹುದು ಎಂದು ಮೂರು ಹೊತ್ತೂ ಯೋಚಿಸುವವನು ನಾನು. ದಪ್ಪಗಾಗುತ್ತೇನೆ ಅನ್ನುವುದು ಮಾತ್ರ ನನಗೆ ಹೊಳೆದಿರಲಿಲ್ಲ.

ಆ ಪ್ಯಾಂಟು ಹೊಲಿದ ಟೈಲರಕ್ಕ ಕೆಲವು ವರ್ಷಗಳ ಹಿಂದೆ, ಊರಿಗಾಂನಿಂದ ಹತ್ತು ಕಿಲೋಮೀಟರಿಗೂ ಆಚೆಯ ಬಂಗಾರಪೇಟೆಗೆ ನಡೆದು ಹೋಗುತ್ತೇನೆ ಎಂದಾಗ ನಾನು ಯೋಚಿಸಿದ್ದು ಒಂದೆರಡಲ್ಲ. ಅವಳ ಕಾಲಿಗೆ ಕಟ್ಟುವ ಕ್ಯಾಲಿಪರಿನ ಚರ್ಮದ ಪಟ್ಟಿ ಕಿತ್ತುಹೋಗಬಹುದು. ಕಬ್ಬಿಣದ ಸರಳು ಬಾಗಬಹುದು. ಬಿಸಿಲಿಗೆ ತಲೆ ತಿರುಗಬಹುದು, ಮೋಡವಾದರೆ ಮಳೆ ಹಿಡಿಯಬಹುದು. ನಾಯಿ ಕಚ್ಚಬಹುದು. ಲಾರಿಯವನು ತೂಕಡಿಸುತ್ತಿರಬಹುದು. ರಸ್ತೆ ಪಕ್ಕದ ಟೀ ಕುಡಿದು ಹೊಟ್ಟೆ ಕೆಡಬಹುದು. ಕೆಟ್ಟರೆ ಹೆಂಗಸು ಎಲ್ಲಿಗೆ ಹೋಗಬೇಕು? ಇಷ್ಟೆಲ್ಲ ಆಗದೆ ಹೋದರೂ ಅಲ್ಲಿ ತಲುಪಿದ ಮೇಲೆ ಎಲ್ಲರೂ ನಕ್ಕುಬಿಡಬಹುದು. ಅಕ್ಕನ ಬಾಗಿಲಲ್ಲಿ ನಿಂತು ಇದನ್ನೆಲ್ಲ ಒಪ್ಪಿಸಿದೆ. ಅವಳು ಕೈಮಿಷನ್ನಿನ ಹಿಡಿ ತಿರುಗಿಸುತ್ತಲೇ ಇದ್ದಳು.

"ಮುಗೀತಾ? ಇನ್ನೂ ಇದ್ರೆ ಏಳ್ಬುಡು. ಈ ತೋಳು ಒಲಿದು ಮುಗಿಯೋಗಂಟ ಕೇಳ್ತೀನಿ."

"ಅಕ್ಕಾ, ತಮಾಷೆ ಅಲ್ಲ. ನನಗೆ ನಿಜವಾಗ್ಲೂ ಭಯ ಆಗ್ತಿದೆ."

"ನೀನು ಎದ್ರುಕೊಂಡ್ರೆ ನನ್ ಕಾಲು ನೆಟ್ಗಾಯ್ತದೇನ್ಲಾ?"

ಅಕ್ಕ ನಮ್ಮ ಲೈನಿನಲ್ಲೇ, ಅಂದರೆ ಗಣಿಯವರ ಸಾಲುಮನೆಗಳಲ್ಲಿ, ಪಕ್ಕದ ಮನೆಯವಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಬಂಗಾರಪೇಟೆ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳಿಗೆ ಮಗುವಾಗಿದ್ದಾಗಲೇ ಪೋಲಿಯೊ ಬಂದು ಬಲಗಾಲು ಸೊರಗಿತ್ತು. ತೊಡೆಯಿಂದ ಬೂಟಿನವರೆಗೆ ಕಬ್ಬಿಣದ ಸರಳು, ಚರ್ಮದ ಪಟ್ಟಿ, ಕೈಯಲ್ಲೊಂದು ಕೋಲು. ಅವಳು ಬರುತ್ತಿದ್ದಾಳೆಂದು ನಮಗೆ ಮೊದಲು ತಿಳಿಯುತ್ತಿದ್ದದ್ದು ಸದ್ದಿನಿಂದ.

ಆಂಡರ್ಸನ್‌ಪೇಟೆಯ ಒಂದು ಬಾಡಿಗೆ ಮನೆಯಲ್ಲಿ ಅಂಗವಿಕಲ ಮಕ್ಕಳ ಪುಟ್ಟ ಶಾಲೆಯಿತ್ತು. ಆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದವಳು ಅಕ್ಕ. ಆ ವರ್ಷ ಶಾಲೆಯ ಹಳೆಯ ವ್ಯಾನಿನ ಎಂಜಿನ್ ಕೂತುಬಿಟ್ಟಿತು. ವ್ಯಾನಿಲ್ಲದೆ ಮಕ್ಕಳಿಲ್ಲ, ಮಕ್ಕಳಿಲ್ಲದೆ ಶಾಲೆಯಿಲ್ಲ. ದಾರ, ಗುಂಡಿ, ಲೈನಿಂಗ್ ಬಟ್ಟೆಗೆಂದು ಬಂಗಾರಪೇಟೆಗೆ ಹೋದ ಅಕ್ಕ ತಾನು ಯಾವಾಗಲೂ ಕೊಳ್ಳುವ ಬಟ್ಟೆ ಅಂಗಡಿಯ ಸಾಹುಕಾರರನ್ನು ಸಹಾಯ ಕೇಳಿದಳು. ಅವರು ಕೆಟ್ಟವರಲ್ಲ. ಆದರೆ ಅಂಗಡಿ ತುಂಬ ಗಿರಾಕಿಗಳು ಇದ್ದಾಗ ಯಾರನ್ನಾದರೂ ಕಿಚಾಯಿಸಬೇಕು ಅನ್ನಿಸುತ್ತದಲ್ಲ, ಹಾಗೆ, "ಊರಿಗಾಂನಿಂದ ಇಲ್ಲೀತನಕ ನಡ್ಕೊಂಡು ಬಾ ಟೈಲರಮ್ಮ, ಎಂಜಿನ್ ಪೂರ್ತಿ ನಂದು," ಅಂದುಬಿಟ್ಟರು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲವಂತೆ.

"ಈ ಮಾತು ಮಾತೇನಾ ಸಾವ್ಕಾರ್ರೇ?"

"ಮಾತೇ ಮತ್ತೆ. ಮಧ್ಯೆ ಆಟೋ ಗೀಟೋ ಹತ್ತಿದ್ರೆ ಲೆಕ್ಕಕ್ಕಿಲ್ಲ."

ಅಷ್ಟು ಜನರೆದುರು ಆಡಿದ ಮಾತನ್ನು ಅಕ್ಕ ಮಡಚಿ ಸೆರಗಿಗೆ ಕಟ್ಟಿಕೊಂಡು ಬಂದಿದ್ದಳು. ಕೂತುಹೋದ ವ್ಯಾನಿಗಾಗಿ ಕಾಲಿಲ್ಲದವಳು ನಡೆಯುವುದು ಯಾವ ನ್ಯಾಯ ಎಂದು ನಾನು ಕೂಗಾಡಿದೆ. ಕೊನೆಗೆ ನಾನೂ ಜೊತೆಗೆ ಬರುತ್ತೇನೆ ಎಂದೆ. ನನ್ನ ಹೆಂಡತಿ, "ನೀವು ಹೋಗದಿದ್ರೇನೇ ಅಕ್ಕ ನೆಮ್ಮದಿಯಾಗಿ ನಡೀತಾರೆ," ಅಂದಳು.

ಚಳಿಗಾಲದ ಒಂದು ಬೆಳಿಗ್ಗೆ, ಚಿನ್ನದ ಗಣಿಯ ಸೈನೈಡ್ ಮಣ್ಣಿನ ದಿಬ್ಬಗಳ ಮೇಲೆ ಬಿಸಿಲು ಇನ್ನೂ ಎಳೆಯದಾಗಿರುವಾಗ, ಹೊರಟೆವು. ನನ್ನ ಹೆಗಲಚೀಲದಲ್ಲಿ ಡೆಟಾಲ್, ಹತ್ತಿ, ಸ್ಪ್ಯಾನರು, ಎರಡು ಕೊಡೆ, ಗ್ಲೂಕೋಸ್ ಮತ್ತು ನಾಯಿಗೆ ಹಾಕಲು ಒಂದು ಪೊಟ್ಟಣ ಬನ್ನು. ಇಷ್ಟು ಸಾಲದೆಂದು ನಮ್ಮ ಲೈನಿನ ಆಟೋದವನಿಗೆ ಹಿಂದೆ ಹಿಂದೆ ಬಾ ಎಂದು ಗುಟ್ಟಾಗಿ ಹೇಳಿದ್ದೆ. ಅಕ್ಕ ಮೊದಲ ತಿರುವಿನಲ್ಲೇ ಅವನನ್ನು ಹಿಡಿದಳು. "ನನ್ ಕಣ್ಣಿಗೆ ಕಾಣ್ದಂಗೆ ಬಾ. ಕಂಡ್ರೆ ಗಾಳಿ ಬುಡ್ತೀನಿ," ಅಂದಳು, ಯಾರ ಗಾಳಿಯೆಂದು ಹೇಳಲಿಲ್ಲ.

ನಾನು ಎಣಿಸಿದ ಯಾವ ವಿಪತ್ತೂ ಬರಲಿಲ್ಲ. ನಾಯಿಗಳು ಬನ್ನು ಮೂಸಿ ನೋಡಿ ಹೋದವು. ಎಣಿಸದೇ ಇದ್ದದ್ದೊಂದು ಬಂತು: ಒಳ್ಳೆಯ ಜನ. ಬೈಕುಗಳು ನಿಂತವು, ಟೊಮ್ಯಾಟೊ ಹೊತ್ತ ಟೆಂಪೋ ನಿಂತಿತು, ಹಾಲಿನ ಕ್ಯಾನಿನವರು ನಿಂತರು. ಕೋಲೂರಿಕೊಂಡು ಹೋಗುತ್ತಿರುವ ಹೆಂಗಸನ್ನು ಬಿಟ್ಟು ಮುಂದೆ ಹೋಗಲು ಯಾರಿಗೂ ಮನಸ್ಸಿಲ್ಲ. ಬೇರೊಬ್ಬ ಆಟೋದವನಂತೂ ದಾರಿಗೆ ಅಡ್ಡ ಹಾಕಿ, "ಏರಿಕ್ಕೋ ಅಕ್ಕಾ, ಕಾಸು ವೇಣಾಂ," ಎಂದು ತಮಿಳಿನಲ್ಲಿ ಗೋಗರೆದ. ದುಡ್ಡು ಬೇಡ, ಹತ್ತಿದರೆ ಸಾಕಂತೆ. ಅಕ್ಕ ಅವನಿಗೆ ಪೂರ್ತಿ ಕತೆ ಹೇಳಬೇಕಾಯಿತು. ನಡೆದದ್ದಕ್ಕಿಂತ ಬೇಡವೆಂದು ಹೇಳಿ ಹೇಳಿಯೇ ಅವಳು ದಣಿದಳು. ಒಬ್ಬ ಮುದುಕಿ ಹೊಲದ ಬದುವಿನಿಂದ ತೆಲುಗಿನಲ್ಲಿ ಕೂಗಿ, ಯಾವ ದೇವರಿಗೆ ಹರಕೆಯಮ್ಮಾ ಎಂದು ಕೇಳಿದಳು. "ಡೀಸೆಲ್ ದೇವ್ರಿಗೆ," ಅಂದಳು ಅಕ್ಕ. ಮುದುಕಿ ಭಕ್ತಿಯಿಂದ ಕೈ ಮುಗಿದಳು.

ಅರ್ಧಕ್ಕಿಂತ ಹೆಚ್ಚು ದಾರಿ ಸವೆದಿರಬೇಕು. ಒಂದು ಹುಣಸೆಮರದ ಕೆಳಗೆ ಅಕ್ಕ ಕೂತಳು. ಕೂತವಳು ಏಳಲಿಲ್ಲ. ಪಟ್ಟಿ ಉಜ್ಜಿ ಉಜ್ಜಿ ತೊಡೆ ಸುಲಿದಿತ್ತು. ಹೇಳಲಿಲ್ಲ, ಆದರೆ ಸೀರೆಯ ಮೇಲಿಂದ ಕೈ ಒತ್ತಿಕೊಂಡ ರೀತಿಯಲ್ಲೇ ಗೊತ್ತಾಯಿತು. ಮುಖ ಬಿಳಿಚಿಕೊಂಡಿತ್ತು. ನಾನು ಸುತ್ತ ನೋಡಿದೆ. ರಸ್ತೆ ಖಾಲಿ. ದೂರದಲ್ಲಿ ನಮ್ಮ ಆಟೋ ಮಾತ್ರ.

"ಅಕ್ಕಾ, ಹತ್ಕೊಂಡ್ಬಿಡು. ಮಾರ್ಕೆಟ್ಟಿಗೆ ಸ್ವಲ್ಪ ಮುಂಚೆ ಇಳಿಯೋಣ. ಯಾರು ನೋಡ್ತಾರೆ?"

ಅಕ್ಕ ನೀರು ಕುಡಿದು ಬಾಟಲಿಯ ಮುಚ್ಚಳ ತಿರುಗಿಸುತ್ತಾ ಯೋಚಿಸಿದಳು. ಒಂದು ಕ್ಷಣ ಒಪ್ಪಿಬಿಡುತ್ತಾಳೆ ಅಂದುಕೊಂಡೆ. ಒಪ್ಪಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ ಕೂಡ.

"ಆಟೋ ಅತ್ತಿದ್ದನ್ನ ಯಾರೂ ನೋಡ್ಲಿಲ್ಲ ಅನ್ನು. ಆಗ ಇಷ್ಟೊತ್ತು ನಡ್ದಿದ್ದನ್ನೂ ಯಾರೂ ನೋಡ್ಲಿಲ್ಲ ಅಂತಾಯ್ತಲ್ಲಾ," ಅಂದಳು. ಆಮೇಲೆ ನನ್ನ ಕಾಲಿನ ಕಡೆ ನೋಡಿ, "ಅದಿರ್ಲಿ, ನೀನ್ಯಾಕ್ಲಾ ನನ್ನಂಗೇ ನಡೀತಿದೀಯ? ಬಿಚ್ಚು ಚಪ್ಪಲಿ."

ಬಿಚ್ಚಿದೆ. ಈ ನಡಿಗೆಗೆಂದೇ ಹಿಂದಿನ ದಿನ ಕೊಂಡ ಹೊಸ ಚಪ್ಪಲಿ ಎರಡೂ ಹಿಮ್ಮಡಿಯನ್ನು ಚೆನ್ನಾಗಿ ಕಚ್ಚಿತ್ತು. ಬೊಬ್ಬೆ ಒಡೆದು ರಕ್ತ ಬಂದಿತ್ತು. ಅಕ್ಕನಿಗೆ ಎಷ್ಟು ನಗು ಬಂತೆಂದರೆ ಅವಳ ಮುಖಕ್ಕೆ ಬಣ್ಣ ಮರಳಿತು. ನನ್ನ ಚೀಲದಿಂದ ನನ್ನದೇ ಡೆಟಾಲ್ ತೆಗೆದು ನನಗೇ ಹಚ್ಚಿದಳು. ಕೋಲೂರಿ ಎದ್ದು ನಿಂತು ನಮ್ಮ ಆಟೋದವನನ್ನು ತಾನೇ ಕೈಬೀಸಿ ಕರೆದಳು.

"ಆಟೋ ಅತ್ತು."

"ನಾನು ಬರ್ತೀನಕ್ಕಾ, ಬರಿಗಾಲಲ್ಲಿ..."

"ಅತ್ತ್ಲಾ. ಪಂಥ ಕಟ್ಟಿದ್ದು ನಾನು, ನೀನಲ್ಲ."

ಹೀಗೆ ಎರಡು ನೆಟ್ಟಗಿನ ಕಾಲಿರುವ ನಾನು ಆಟೋದ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಕೂತೆ. ಮುಂದೆ ಅಕ್ಕ ನಡೆದಳು. ಬಲಹೆಗಲು ತಗ್ಗುತ್ತಿತ್ತು, ಏಳುತ್ತಿತ್ತು, ತಗ್ಗುತ್ತಿತ್ತು. ಆಟೋ ಮೊದಲನೇ ಗೇರಿನಲ್ಲಿ ಗೊರಗುಟ್ಟುತ್ತಾ ಹಿಂಬಾಲಿಸಿತು.

ಮಾರ್ಕೆಟ್ಟು ಮುಟ್ಟಿದಾಗ ಬಿಸಿಲು ಇಳಿದಿತ್ತು. ಒಬ್ಬ ಹೂವಾಡಗಿತ್ತಿ ಆಟೋದೊಳಗೆ ಇಣುಕಿ ನನ್ನ ಹತ್ತಿ ಸುತ್ತಿದ ಕಾಲು ನೋಡಿ, "ಪಾಪ, ಇವ್ರಿಗೋಸ್ಕರಾನೇನಮ್ಮ ನೀನು ನಡ್ಕಂಡು ಬಂದಿದ್ದು?" ಎಂದು ಅಕ್ಕನನ್ನು ಕೇಳಿ, ನನ್ನ ಮಡಿಲಿಗೆ ಒಂದು ನಾಣ್ಯ ಹಾಕಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ, "ಊಂ ಕಣಮ್ಮ. ಉಟ್ಟಿದಾಗಿಂದ್ಲೂ ಇಂಗೇ," ಅಂದಳು.

ಸಾಹುಕಾರರಿಗೆ ಯಾರೋ ಮೊದಲೇ ಸುದ್ದಿ ಮುಟ್ಟಿಸಿದ್ದರು. ಗಲ್ಲಾ ಬಿಟ್ಟು ಬರಿಗಾಲಲ್ಲಿ ಬೀದಿಗೆ ಬಂದು ನಿಂತಿದ್ದರು. ಅಕ್ಕ ಹತ್ತಿರ ಬಂದಾಗ, "ನಾನು ತಮಾಷೆಗೆ ಅಂದಿದ್ದು ಕಣಮ್ಮ," ಅಂದರು.

"ನಾನೂ ತಮಾಷೆಗೇ ನಡ್ದೆ ಸಾವ್ಕಾರ್ರೇ. ಎಂಜಿನ್ ಮಾತ್ರ ನಿಜದ್ದು ಆಕ್ಸಿ."

ಹಾಕಿಸಿದರು. ಅಕ್ಕಪಕ್ಕದ ಅಂಗಡಿಯವರು ಟೈರು, ಬ್ಯಾಟರಿ ಎಂದು ಕೈ ಸೇರಿಸಿದರು. ಆ ಸಂಜೆ ಅಕ್ಕ ಗಾಡಿಯ ಮುಂದೆ ನಿಂತು ಬಂಗಾರಪೇಟೆಯ ಬಿಳಿ ನೀರಿನ ಪಾನಿಪುರಿಯನ್ನು ಕಣ್ಣಲ್ಲಿ ನೀರು ಬರುವವರೆಗೆ ತಿಂದಳು. ಊರಿಗೆ ಮಾತ್ರ ಆಟೋದಲ್ಲೇ ಬಂದೆವು. ವಾಪಸ್ಸು ಬರುವುದರ ಬಗ್ಗೆ ಸಾಹುಕಾರರು ಏನೂ ಹೇಳಿರಲಿಲ್ಲ.

ಅಕ್ಕ ಹೋಗಿ ಎರಡು ವರ್ಷವಾಯಿತು. ಜ್ವರವೆಂದು ಆಸ್ಪತ್ರೆ ಸೇರಿದವಳು ತಿರುಗಿ ಬರಲಿಲ್ಲ. ಅವಳ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಒಳ್ಳೆಯವರೇ. ನನ್ನ ಜೆರಾಕ್ಸ್ ಅಂಗಡಿಯ ಮುಂದೆ ಪ್ರತಿ ಬೆಳಿಗ್ಗೆ ಆ ವ್ಯಾನು ಹೋಗುತ್ತದೆ, ಮಕ್ಕಳು ಕೈ ಬೀಸುತ್ತಾರೆ, ನಾನು ಕೈ ಬೀಸುತ್ತಾ ಹಿಂದಿನ ಬಾಗಿಲಿನ ಚಿಲಕ ಹಾಕಿದೆಯೋ ಇಲ್ಲವೋ ನೋಡುತ್ತೇನೆ.

ಅಂಗಡಿಗೆ ಪೇಪರು ತರಲು ಬಸ್ಸಿನಲ್ಲಿ ಬಂಗಾರಪೇಟೆಗೆ ಹೋಗುವಾಗ ಆ ಹುಣಸೆಮರ ಸಿಗುತ್ತದೆ. ಅಲ್ಲಿಯವರೆಗಿನ ದಾರಿ ನನಗೆ ಗೊತ್ತು. ಎಲ್ಲಿ ನಿಂತೆವು, ಯಾವುದಕ್ಕೆ ನಕ್ಕೆವು, ಎಲ್ಲ ನೆನಪಿದೆ. ಅಲ್ಲಿಂದ ಮುಂದೆ ನಾನು ಕಂಡದ್ದು ಅಕ್ಕನ ಬೆನ್ನು ಮಾತ್ರ. ಏನು ಯೋಚಿಸುತ್ತಾ ನಡೆದಳು, ಒಳಗೊಳಗೇ ಅತ್ತಳೋ, ಹಾಡು ಗುನುಗಿದಳೋ... ಕೇಳಬೇಕೆಂದುಕೊಂಡಿದ್ದೆ. ಪಕ್ಕದ ಮನೆಯವಳಲ್ಲವೇ, ನಾಳೆ ಕೇಳಿದರಾಯಿತು ಎಂದು ಬಿಟ್ಟಿದ್ದೆ. ಏನೇನೋ ಕೆಡಬಹುದಿತ್ತು. ಕೆಟ್ಟದ್ದು ಇಷ್ಟೇ: ಆ ಕೊನೆಯ ತುಂಡು ರಸ್ತೆಯಲ್ಲಿ ನಾನು ಅವಳ ಪಕ್ಕದಲ್ಲಿರಲಿಲ್ಲ.