ಶುಕ್ರವಾರ ಹಾರನಹಳ್ಳಿಯಲ್ಲಿ ಉಳಿದ ರೂಪಶ್ರೀ

ಚಲುವಯ್ಯನ ಹೆಂಡತಿ ಮಾಯಮ್ಮನಿಗೆ ಗಂಡ ಇರುವುದು ಭಾನುವಾರ ಮಾತ್ರ ಎಂದು ಹುಣಸೂರಿನ ಆ ಬೀದಿಯವರು ಆಡಿಕೊಳ್ಳುತ್ತಿದ್ದರು. ಎದುರು ಮನೆಯ ಕೆಂಪಾಜಮ್ಮನಂತೂ, ಅವನು ಬಸ್ಸಿನ ಕಂಡಕ್ಟರೇ ಇರಬೇಕು, ಮಾಯಮ್ಮ ಮರ್ಯಾದೆಗೆ ಕಂಪ್ಯೂಟರ್ ಕೆಲಸ ಅನ್ನುತ್ತಾಳೆ ಎಂದು ನಲ್ಲಿಯ ಹತ್ತಿರ ಎಲ್ಲರಿಗೂ ಹೇಳಿದ್ದಳು. ಅವಳದೂ ತಪ್ಪಲ್ಲ. ಬೆಳಿಗ್ಗೆ ಏಳಕ್ಕೆ ಹೊರಟವನು ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ, ಜೇಬಿನ ತುಂಬ ಟಿಕೆಟ್ಟು.

ಅವನಿದ್ದದ್ದು ಗೊಬ್ಬರ, ಬಿತ್ತನೆ ಬೀಜ ಮಾರುವ ಒಂದು ಸಹಕಾರ ಸಂಘದಲ್ಲಿ. ಕಟ್ಟೆಮಳಲವಾಡಿ, ಕೆ.ಆರ್.ನಗರ, ಎಚ್.ಡಿ.ಕೋಟೆ, ಪಿರಿಯಾಪಟ್ಟಣ, ಹಾರನಹಳ್ಳಿ ಎಂದು ಐದು ಶಾಖೆ. ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ಒಂದೇ ಜಾಲಕ್ಕೆ ಪೋಣಿಸಿದ್ದರು. ಪೋಣಿಸಿದರೇನು, ಒಂದು ಕೆಟ್ಟರೆ ಚಲುವಯ್ಯನೇ ಬಸ್ಸು ಹತ್ತಬೇಕು. ಕೆ.ಆರ್.ನಗರದಲ್ಲಿ ಪ್ರಿಂಟರ್ ಹಾಳೆ ನುಂಗಿತು ಎಂದು ಅಲ್ಲಿ ಇಳಿಯುವಷ್ಟರಲ್ಲಿ, ಕೋಟೆಯಲ್ಲಿ ಪರದೆ ಕಪ್ಪಾಗಿದೆ ಎಂದು ಫೋನು. ಹೋಗಿ ನೋಡಿದರೆ ಸ್ವಿಚ್ಚೇ ಹಾಕಿರುತ್ತಿರಲಿಲ್ಲ. ಹದಿನೆಂಟು ವರ್ಷ ಹೀಗೆ ಹತ್ತಿ ಇಳಿದು ಮೊಣಕಾಲು ಸವೆದವು. ಇನ್ನು ಬಸ್ಸಿನ ಸಹವಾಸ ಬಿಡಿ ಎಂದರು ಡಾಕ್ಟರು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು.

ಆಗ ಚಲುವಯ್ಯ ತನ್ನ ಬದಲು ಓಡಾಡಲು ಒಂದು ಪ್ರೋಗ್ರಾಂ ಬರೆದ. ಅದು ಕೂತಲ್ಲೇ ಕೂರುವಂಥದ್ದಲ್ಲ. ತಂತಿಯ ದಾರಿ ಹಿಡಿದು ಶಾಖೆಯಿಂದ ಶಾಖೆಗೆ ತಾನೇ ಹೋಗಿ, ಒಂದೊಂದು ಕಂಪ್ಯೂಟರನ್ನೂ ಹೊಕ್ಕು, ಕಸ ಗುಡಿಸಿ, ಕೆಟ್ಟದ್ದನ್ನು ಕೈಲಾದಷ್ಟು ಸರಿಮಾಡಿ, ಕಂಡದ್ದನ್ನೆಲ್ಲ ಬರೆದುಕೊಂಡು ಮುಂದಿನ ಊರಿಗೆ ಹೊರಡುತ್ತದೆ. ಎಲ್ಲ ಮುಗಿಸಿ ಚಲುವಯ್ಯನ ಮನೆಯ ಕಂಪ್ಯೂಟರಿಗೆ ವಾಪಸ್. ಅದಕ್ಕೊಂದು ಹೆಸರು ಬೇಕಿತ್ತು. ಅವನಿಗೆ ಶರತ್, ಚಂದು ಎಂದು ಇಬ್ಬರು ಗಂಡುಮಕ್ಕಳು. ಹೆಣ್ಣಾದರೆ ಇಡೋಣ ಎಂದುಕೊಂಡಿದ್ದ ಹೆಸರು ಹಾಗೇ ಉಳಿದಿತ್ತು. ರೂಪಶ್ರೀ ಎಂದು ಬರೆದ.

ಮೊದಲ ಸುತ್ತಿನಲ್ಲೇ ಕೋಟೆಯ ಗುಮಾಸ್ತ ಸ್ವಾಮಿಗೆ ಬೇಜಾರಾಯಿತು. ಬಂದವಳು ಒಂದು ಮಾತೂ ಹೇಳದೆ ಎದ್ದುಹೋದಳಲ್ಲ, ನಾವೇನು ಹೊರಗಿನವರೇ ಎಂದು ಫೋನಿನಲ್ಲಿ ಮುನಿಸಿಕೊಂಡ. ಚಲುವಯ್ಯ ಅರ್ಧ ದಿನ ಕೂತು ತಿದ್ದಿದ. ಅಂದಿನಿಂದ ಕೆಲಸ ಮುಗಿದ ಮೇಲೆ ಪರದೆಯಲ್ಲಿ 'ಹೋಗಿಬರುತ್ತೇನೆ' ಎಂದು ಮೂಡುವುದು, ಶಾಖೆಯವರು 'ಸರಿ' ಒತ್ತಿದ ಮೇಲೆಯೇ ರೂಪಶ್ರೀ ಹೊರಡುವುದು. ಕೆ.ಆರ್.ನಗರದ ಮ್ಯಾನೇಜರ್ ಮಹೇಶ್‌ಕುಮಾರ್ ಅವಳ ಹೆಸರಲ್ಲಿ ಒಂದು ಕಾಫಿ ತರಿಸಿ, ಅದು ಮುಗಿಯುವವರೆಗೆ 'ಸರಿ' ಒತ್ತುತ್ತಿರಲಿಲ್ಲ. ಕಾಫಿಯನ್ನು ಅವನೇ ಕುಡಿಯುತ್ತಿದ್ದ.

ಸಂಘದ ಕಾರ್ಯದರ್ಶಿ ಉಮಾಶಂಕರ ಒಂದು ಪರೀಕ್ಷೆ ಇಟ್ಟರು. ಗುರುವಾರ ಹೊರಟ ರೂಪಶ್ರೀ ಐದೂ ಶಾಖೆ ನೋಡಿಕೊಂಡು ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಮನೆ ಸೇರಿದರೆ ಚಲುವಯ್ಯನ ಸುತ್ತಾಟ ರದ್ದು, ಮನೆಯಲ್ಲೇ ಕೂತು ಕೆಲಸ. ಸೇರದಿದ್ದರೆ ನಾಲ್ಕು ವರ್ಷವೂ ಬಸ್ಸೇ. ಆ ಮೂರು ದಿನ ಅವನು ಡ್ಯೂಟಿ ಮೇಲೆ ಯಾವ ಶಾಖೆಗೂ ಕಾಲಿಡಕೂಡದು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ನಾಲ್ಕು ಊರು ಮುಗಿದಿತ್ತು. ಐದನೆಯದಾದ ಹಾರನಹಳ್ಳಿ ಹೊಕ್ಕವಳು ಹೊರಗೆ ಬರಲಿಲ್ಲ. ಆ ಶಾಖೆಗೆ ಇದ್ದವಳು ಪುಟ್ಟಮಲ್ಲಮ್ಮ ಒಬ್ಬಳೇ. ಫೋನು ಮಾಡಿದರೆ, ತಂತಿ ಕಿತ್ತಿಟ್ಟಿದ್ದೇನೆ, ಕೈತಪ್ಪಿ ಯಾರಾದರೂ 'ಸರಿ' ಒತ್ತಿಬಿಟ್ಟರೆ ಏನು ಗತಿ ಎಂದಳು.

"ಯಾಕೆ ಪುಟ್ಟಮಲ್ಲಮ್ಮಾರೆ?"

"ಓಗ್ಬತ್ತೀನಿ ಅಂತ ಬಂತು ಕಣ್ರೀ. ಇವತ್ತು ಸುಕ್ರವಾರ. ಹೆಣ್ಮಗಳ್ನ ವಸ್ಲು ದಾಟ್ಸಾಕಾಯ್ತದಾ?"

"ಅದು ಪ್ರೋಗ್ರಾಂ ಕಣ್ರೀ."

"ನಂಗೊತ್ತಿಲ್ವಾ? ಹತ್ತೊರ್ಸದಿಂದ ಕಂಪ್ಯೂಟ್ರು ಮುಂದೆ ಕೂತಿವ್ನಿ. ಪ್ರೋಗ್ರಾಮೇ ಇರ್ಲಿ. ರೂಪಶ್ರೀ ಅಂತ ಎಸ್ರು ಮಡುಗ್ದೋರು ನೀವಲ್ವಾ?"

ಹಾಗಾದರೆ ಹೆಸರು ತಿದ್ದಿ ಗಂಡು ಮಾಡುತ್ತೇನೆ, ಒಂದು ನಿಮಿಷ ತಂತಿ ಹಾಕಿ ಎಂದ. ನಿಂತ ಕಾಲಲ್ಲಿ ಮಗಳನ್ನು ಮಗ ಮಾಡುವ ಅಪ್ಪನನ್ನು ಎಲ್ಲೂ ಕಂಡಿಲ್ಲ ಎಂದು ಬೈದಳು. ನಾಳೆಯಾದರೂ ಕಳಿಸಿ ಎಂದು ಬೇಡಿದ. ಕಳಿಸಬಹುದು, ತವರಿನಿಂದ ಕರೆಯಲು ಯಾರು ಬರುತ್ತಾರೆ ಎಂದಳು. ಒಬ್ಬಳೇ ಹೊರಟರೆ, ಹಾರನಹಳ್ಳಿಯವರು ಅಟ್ಟಿಬಿಟ್ಟರು ಎಂದು ಪಿರಿಯಾಪಟ್ಟಣ ಶಾಖೆಯವರು ನಗುವುದಿಲ್ಲವೇ?

ಶಾಖೆಗೆ ಕಾಲಿಟ್ಟರೆ ಷರತ್ತು ಮುರಿಯಿತು, ಇಡದಿದ್ದರೆ ರೂಪಶ್ರೀ ಬರುವುದಿಲ್ಲ. ಚಲುವಯ್ಯ ಕೊನೆಗೆ ಕಾರ್ಯದರ್ಶಿಗೇ ಫೋನು ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದ. ಉಮಾಶಂಕರ ನಗಲಿಲ್ಲ. ಅವರು ಮೂವರು ಹೆಣ್ಣುಮಕ್ಕಳ ತಂದೆ. ನಿಯಮಾವಳಿಯ ಹಾಳೆ ಮಗುಚುವ ಸದ್ದು ಬಹಳ ಹೊತ್ತು ಕೇಳಿಸಿತು.

"ನೋಡ್ರಿ ಚಲುವಯ್ಯ, ಡ್ಯೂಟಿ ಮೇಲೆ ಹೋಗಬಾರದು ಅಂದಿದ್ದೆ. ಮಗಳನ್ನ ಕರ್ಕೊಂಡು ಬರೋದು ಡ್ಯೂಟಿ ಹೆಂಗಾಗ್ತದೆ? ಅರ್ಧ ದಿನ ರಜೆ ಬರೆದು ಹೋಗಿ. ಕಂಪ್ಯೂಟ್ರು ಮುಟ್ಟಬೇಡಿ."

"ಇಲ್ಲ ಸಾರ್."

"ಬರಿಗೈಲಿ ಹೋಗಬೇಡಿ ಮತ್ತೆ."

ಶನಿವಾರ ಬೆಳಿಗ್ಗೆ ಮಾಯಮ್ಮ ಪುಟ್ಟಮಲ್ಲಮ್ಮನಿಗೆಂದು ಎಲೆ ಅಡಿಕೆ, ಒಂದು ರವಿಕೆ ಕಣ, ಒಂದು ಚಿಪ್ಪು ಬಾಳೆಹಣ್ಣು ಕೈಚೀಲಕ್ಕೆ ತುಂಬಿದಳು. ಮಧ್ಯಾಹ್ನ ಊಟಕ್ಕೆ ಬರುತ್ತೀರಾ ಎಂದು ಕೇಳಿದಳು.

"ಎರಡು ಬಸ್ಸು ಬದ್ಲಾಯ್ಸಿ ನಾನು ಬರಾಕೆ ಎರಡ್ಗಂಟೆ ಆಯ್ತದೆ. ಅವ್ಳು ತಂತಿ ಹಾಕ್ತಿದ್ದಂಗೇ ಬಂದ್ಬುಡ್ತಾಳೆ. ಕಂಪ್ಯೂಟ್ರು ಆಫ್ ಮಾಡ್ಬ್ಯಾಡ ಕಣಮ್ಮಿ."

"ಅವ್ಳೇ ಮೊದ್ಲು ಬರಾದಾದ್ರೆ ನೀವು ಓಗಾದ್ಯಾಕೆ?"

ಚಲುವಯ್ಯ ಚಪ್ಪಲಿ ಮೆಟ್ಟಿದ.

"ಕರಿಯಾಕೆ" ಎಂದ.

ಸಂಘದ ಕಂಪ್ಯೂಟರುಗಳಿಗಾಗಿ ಅವನು ಆ ಮನೆಯಿಂದ ಹೊರಟದ್ದು ಅದೇ ಕೊನೆಯ ಸಲ. ಬಾಳೆಹಣ್ಣು ನಜ್ಜಾಗದಂತೆ ಕೈಚೀಲವನ್ನು ಎದೆಗೊತ್ತಿಕೊಂಡು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಹೋದ.