ಬಾಯಿ ತುಂಬ ಎಣ್ಣೆ

ಎಣ್ಣೆ ಇರುವುದು ಒಗ್ಗರಣೆಗೆ, ತಲೆಗೆ, ಕಿರುಗುಟ್ಟುವ ಬಾಗಿಲಿಗೆ. ಅದನ್ನು ಬಾಯಲ್ಲಿ ತುಂಬಿಕೊಂಡು ಕಾಲು ತಾಸು ಗುಳುಗುಳು ಅನ್ನಿಸುತ್ತ ಕೂತರೆ ಹಲ್ಲು ಗಟ್ಟಿಯಾಗುತ್ತದೆ, ರಕ್ತ ಶುದ್ಧವಾಗುತ್ತದೆ, ಮನಸ್ಸು ತಿಳಿಯಾಗುತ್ತದೆ ಎಂದು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಮ್ಮ ಅವ್ವ ಬೇವಿನ ಕಡ್ಡಿಯಲ್ಲಿ ಹಲ್ಲು ತಿಕ್ಕಿ, ಉಗುಳಿ, ಹೊಲಕ್ಕೆ ಹೋಗುತ್ತಿದ್ದಳು. ಮುಪ್ಪಿನಲ್ಲೂ ಹಲ್ಲಿನಿಂದಲೇ ಕಬ್ಬು ಸಿಗಿಯುತ್ತಿದ್ದಳು. ಮನಃಶಾಂತಿ ಎಂಬ ಮಾತು ಅವಳ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ.

ಈ ಹುಚ್ಚನ್ನು ಮನೆಗೆ ತಂದವನು ನನ್ನ ಹೆಂಡತಿಯ ತಮ್ಮ. ಯಾದಗಿರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಗಿರಾಕಿ ಕಡಿಮೆ, ಮೊಬೈಲ್ ನೋಡುವುದು ಹೆಚ್ಚು. ಒಂದು ಕಾಲಕ್ಕೆ ಬಿಸಿನೀರು, ಜೇನುತುಪ್ಪ ಎನ್ನುತ್ತಿದ್ದ. ಆಮೇಲೆ ಮೆಂತೆ ನೀರು ಎಂದ. ಈಗ ಎಣ್ಣೆಗೆ ಬಂದು ನಿಂತಿದ್ದಾನೆ. ನಾನೋ ಶಹಾಪುರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನು. ಸುರಪುರದ ಗಾಡಿ, ಗೋಗಿಯ ಗಾಡಿ, ಜಗಳವಾಡುವ ಕಂಡಕ್ಟರು, ಬಾಗಿಲಿಗೆ ಜೋತುಬೀಳುವ ಜನ, ಎಲ್ಲರನ್ನೂ ಬರೀ ಗಂಟಲಿನಿಂದ ಹತೋಟಿಯಲ್ಲಿ ಇಟ್ಟಿದ್ದೆ. ನಿವೃತ್ತಿಯ ಮೇಲೆ ಆ ಗಂಟಲು ಮನೆಗೆ ಬಂತು, ಜೊತೆಗೆ ಬಿ.ಪಿ.ಯೂ ಬಂತು. ಡಾಕ್ಟರು ಗುಳಿಗೆ ಕೊಟ್ಟಿದ್ದರು, ನುಂಗುತ್ತಿದ್ದೆ. ಅದು ಸಾಲದು ಎಂದು ಇವನು ಗಾಣದ ಎಳ್ಳೆಣ್ಣೆಯ ಬಾಟಲಿ ಹಿಡಿದುಕೊಂಡು ಬಂದ.

“ಮಾಮಾ, ಮುಂಜಾನಿ ಎದ್ದು ಬರೇ ಹೊಟ್ಟಿಲೆ ಒಂದ್ ಚಮಚ ಬಾಯಾಗ ಹಾಕ್ಕೋರಿ. ಕಾಲ್ ತಾಸು ಆಡಿಸಿ ಉಗುಳ್ರಿ. ಸಿಟ್ಟೆಲ್ಲಾ ಅದ್ರಾಗ ಇಳದು ಹೋಗ್ತದ.”

“ಸಿಟ್ಟು ಏನ್ ಹಲ್ಲಿನ ಸಂದ್ಯಾಗ ಸಿಕ್ಕೊಂಡದೇನಲೇ?” ಎಂದೆ.

ಅವನು ನಕ್ಕ. ಹೆಂಡತಿ ನಗಲಿಲ್ಲ. “ನನ್ನ ಸಲುವಾಗಿ ಒಂದೆಂಟು ದಿನ ಮಾಡ್ರಿ,” ಎಂದಳು. ಮನೆಯಲ್ಲಿ ಮಗಳ ನಿಶ್ಚಯದ ತಯಾರಿ ನಡೆದಿತ್ತು. ಬೀಗರಾಗುವವರ ಮುಂದೆ ನಾನು ಯಾರ ಮೇಲಾದರೂ ಹರಿಹಾಯ್ದೇನು ಎಂಬ ಅಂಜಿಕೆ ಅವಳಿಗೆ. ಆಗಲಿ ಎಂದೆ.

ಆ ಸಂಬಂಧ ನಾನೇ ಹುಡುಕಿದ್ದು. ಹುಡುಗನದು ಸುರಪುರ, ಸ್ವಂತ ಮನೆ, ಸರಕಾರಿ ನೌಕರಿ. ನನ್ನ ಮಗಳು ಗೋಗಿಯ ದನದ ದವಾಖಾನೆಯಲ್ಲಿ ಕೆಲಸ ಮಾಡುತ್ತಾಳೆ. ದಿನಾ ಟಂಟಂ ಆಟೋದಲ್ಲಿ ಹೋಗಿ ಎತ್ತು, ಎಮ್ಮೆ, ಆಡುಗಳಿಗೆ ಸೂಜಿ ಹಾಕಿ ಬರುತ್ತಾಳೆ. ಹುಡುಗನ ತಂದೆಗೆ ಅದೊಂದೇ ಹಿಡಿಸಿರಲಿಲ್ಲ. “ಮದಿವ್ಯಾದ ಮ್ಯಾಲ ನೌಕರಿ ಬಿಡಸ್ರಿ. ಸೊಸಿ ಸಗಣ್ಯಾಗ ಕೈ ಇಡೂದು ನಮ್ಮ ಮನಿಗಿ ಒಪ್ಪಂಗಿಲ್ಲ,” ಎಂದಿದ್ದರು. ನಾನು ಚಹಾ ಕುಡಿಯುತ್ತ “ಆಯ್ತ್ರಿ” ಎಂದು ಮಾತು ಕೊಟ್ಟು ಬಂದಿದ್ದೆ. ಮನೆಯಲ್ಲಿ ಹೇಳಿರಲಿಲ್ಲ. ಹೇಳುವಂಥದ್ದು ಅದರಲ್ಲೇನಿದೆ ಎಂದುಕೊಂಡಿದ್ದೆ.

ಎಣ್ಣೆಯ ಮೊದಲ ದಿನ ಅರ್ಧ ಗಂಟಲಿಗೆ ಇಳಿದು ವಾಕರಿಕೆ ಬಂತು. ಮರುದಿನ ಬಚ್ಚಲಲ್ಲಿ ಉಗುಳಿದೆ. ಹೆಂಡತಿ ಕಾಲು ಜಾರಿ ಗೋಡೆ ಹಿಡಿದುಕೊಂಡಳು. ಅಂದಿನಿಂದ ಹಿತ್ತಲ ಮೂಲೆಯ ಬೇವಿನ ಗಿಡದ ಬುಡವೇ ಗತಿಯಾಯಿತು. ಕಟ್ಟೆಯ ಮೇಲೆ ಕೂತು, ಗಲ್ಲ ಉಬ್ಬಿಸಿ, ಆ ಜಿಡ್ಡನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಳ್ಳುವುದು. ಪಕ್ಕದ ಮನೆಯವರು ಗೋಡೆಯಾಚೆಯಿಂದ ನಮಸ್ಕಾರ ಎಂದರೆ ಮೂಕನ ಹಾಗೆ ಕೈ ಎತ್ತುವುದು. ದೊಡ್ಡ ಮನುಷ್ಯ ಮಾಡುವ ಕೆಲಸವೇ ಅದು? ಹಾಲಿನವನು ನೀರು ಬೆರೆಸಿ ತಂದದ್ದು ಕಣ್ಣಿಗೆ ಕಂಡರೂ ಬೈಯಲಾಗದೆ ಹೊಟ್ಟೆ ಉರಿಯುತ್ತಿತ್ತು. ಎಣ್ಣೆಯಲ್ಲಿ ಸಿಟ್ಟು ಇಳಿಯುವುದಿಲ್ಲ, ಹುರಿಯುತ್ತದೆ. ಬಾಯಿ ಬರಿದಾದ ಕೂಡಲೇ ಅಷ್ಟನ್ನೂ ಸೇರಿಸಿ ಬೈಯುತ್ತಿದ್ದೆ.

ನಿಶ್ಚಯಕ್ಕೆ ಎರಡು ದಿನ ಉಳಿದಿತ್ತು. ಆಗಷ್ಟೇ ಎಣ್ಣೆ ಬಾಯಿಗೆ ಹಾಕಿಕೊಂಡು ಕೂತಿದ್ದೆ. ಮಗಳು ಕೆಲಸಕ್ಕೆ ಹೊರಡುವ ಬಟ್ಟೆಯಲ್ಲಿ ಬಂದು ಎದುರಿಗಿದ್ದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು.

“ಅಪ್ಪಾ, ನಾ ನೌಕರಿ ಬಿಡ್ತೀನಿ ಅಂತ ನೀವು ಅವರಿಗಿ ಮಾತು ಕೊಟ್ಟೀರಂತ. ನಿನ್ನಿ ಆ ಹುಡುಗನೇ ಫೋನ್ ಮಾಡಿ ಹೇಳ್ದ.”

ನಾನು ಉಗುಳಲು ಏಳಹೋದೆ.

“ಉಗುಳಿ ಬಂದ್ರ ನಾ ಮಾತಾಡಂಗಿಲ್ರಿ. ನೀವು ಬಾಯಿ ತಗದ್ರ ನನಗ ನಾಲಿಗಿ ಹೊಳ್ಳಂಗಿಲ್ಲ. ಸಣ್ಣಾಕಿ ಇದ್ದಾಗಿಂದ ಹಂಗೇ.”

ಕೂತೆ. ಸಿಟ್ಟು ನೆತ್ತಿಗೇರಿತ್ತು. ಆದರೆ ಇವಳು ಇನ್ನೂ ಏನು ಹೇಳುತ್ತಾಳೆ ನೋಡೇಬಿಡೋಣ ಎಂಬ ಹಟವೂ ಬಂದಿತ್ತು.

ಅವಳು ಹೇಳಿದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೋಗಿಯ ಒಬ್ಬ ರೈತ, ಹೆಣ್ಣುಮಗಳು ಎಮ್ಮೆಯನ್ನು ಮುಟ್ಟಕೂಡದು ಎಂದು ಹಗ್ಗ ಹಿಡಿದು ವಾಪಸು ಹೋಗಿದ್ದನಂತೆ. ಈಗ ಎಮ್ಮೆ ಈಯುವಾಗ ಕರು ಹೊಟ್ಟೆಯಲ್ಲಿ ಅಡ್ಡ ನಿಂತರೆ ಅದೇ ಮನುಷ್ಯ ಇವಳಿಗೇ ಫೋನ್ ಮಾಡುತ್ತಾನಂತೆ. ಒಮ್ಮೆ ಹೋರಿ ಒದ್ದು ತೊಡೆ ಕರ್ರಗಾಗಿತ್ತಂತೆ. ಆಟೋದಿಂದ ಇಳಿಯುವಾಗ ಬಿದ್ದೆ ಎಂದು ನಮಗೆ ಸುಳ್ಳು ಹೇಳಿದ್ದಳು, ನನಗೆ ಗೊತ್ತಾದರೆ ನೌಕರಿ ಬಿಡಿಸುತ್ತೇನೆ ಎಂಬ ಹೆದರಿಕೆಗೆ. ನನಗೆ ಇದಾವುದೂ ತಿಳಿದಿರಲಿಲ್ಲ. ಅವಳು ಎಷ್ಟು ಹೊತ್ತಿಗೆ ಹೋಗುತ್ತಾಳೆ, ಎಷ್ಟು ಹೊತ್ತಿಗೆ ಬರುತ್ತಾಳೆ ಎಂಬುದಷ್ಟೇ ನನಗೆ ಗೊತ್ತಿದ್ದದ್ದು.

“ಹುಡುಗ ಛಲೋ ಅದಾನ. ಅವನ್ನ ಒಲ್ಲೆ ಅನ್ನಂಗಿಲ್ಲ ನಾ. ಆದ್ರ ನೌಕರಿ ಬಿಡು ಅಂದ್ರ ಮದಿವಿನೇ ಒಲ್ಲೆ. ಇದನ್ನ ನೀವೇ ಸುರಪುರಕ್ಕ ಹೋಗಿ ಹೇಳಿ ಬರ್ಬೇಕು. ಮಾತು ಕೊಟ್ಟವರು ನೀವು.”

ನನ್ನ ದವಡೆ ನೋಯತೊಡಗಿತ್ತು. ಎಣ್ಣೆ ನೊರೆಯಾಗಿ ತುಟಿಯ ಅಂಚಿನಿಂದ ಗದ್ದಕ್ಕೆ ಇಳಿಯುತ್ತಿತ್ತು. ಅದನ್ನು ನೋಡಿ ಅವಳು ಥಟ್ಟನೆ ನಕ್ಕುಬಿಟ್ಟಳು. “ಗೊಟ್ಟಾ ಹಾಕಿದಾಗ ಎತ್ತು ಹಿಂಗೇ ನೋಡ್ತದ್ರಿ ಅಪ್ಪಾ,” ಎಂದಳು. ಬಿದಿರಿನ ಕೊಳವೆಯಿಂದ ದನದ ಗಂಟಲಿಗೆ ಔಷಧ ಹೊಯ್ಯುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ನಗುತ್ತ ನಗುತ್ತಲೇ ಅವಳ ಕಣ್ಣು ತುಂಬಿ ಬಂದವು. ನನಗೂ ಸಂಕಟವಾಯಿತು. ಬಾಯಿ ಖಾಲಿ ಇದ್ದಿದ್ದರೆ ಆ ಸಂಕಟವನ್ನು ಬೈಗುಳದಲ್ಲಿ ಮುಚ್ಚಿಬಿಡುತ್ತಿದ್ದೆ.

ಕೊನೆಗೆ ತಲೆಯಾಡಿಸಿದೆ. ನಾನೇ ಹೋಗಿ ಬರುತ್ತೇನೆ ಎಂಬಂತೆ ಸುರಪುರದ ದಿಕ್ಕಿಗೆ ಕೈ ಮಾಡಿದೆ. ಅವಳು ಕಣ್ಣೊರೆಸಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ಟಂಟಂ ಹಿಡಿಯಲು ಹೊರಟುಹೋದಳು.

ಎಣ್ಣೆಯ ಬಗ್ಗೆ ನನ್ನ ಅಭಿಪ್ರಾಯ ಕೂದಲೆಳೆಯಷ್ಟೂ ಬದಲಾಗಿಲ್ಲ. ಆ ಮುಂಜಾನೆಯ ಸುದ್ದಿಯನ್ನು ಯಾದಗಿರಿಯವನಿಗೆ ನಾನು ಹೇಳಿಯೂ ಇಲ್ಲ. ಹೇಳಿದರೆ ಎಲ್ಲ ಎಳ್ಳೆಣ್ಣೆಯ ಮಹಿಮೆ ಎಂದು ಊರೆಲ್ಲ ಸಾರಿಕೊಂಡು ಬರುತ್ತಾನೆ, ಮೂರ್ಖ.

ಅಂದು ಮಗಳು ಹೋದ ಮೇಲೆ ಉಗುಳಲು ಎದ್ದೆ. ಹಿತ್ತಲ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಮಗಳು ಕೂತಿದ್ದ ಕಲ್ಲಿನ ಮೇಲೆ ತಾನೂ ಕೂತಳು.

“ಈಗೇ ಉಗುಳಬ್ಯಾಡ್ರಿ,” ಎಂದಳು. “ನಂದೂ ಅದ.”